ಐಪ್ಯಾಡ್‌ಓಎಸ್: ಮೊದಲ ದಿನ ಉಳಿದುಹೋಗುವ ಪಾಠ

2010ರ ಜನವರಿ 27ರಂದು ಸ್ಯಾನ್ ಫ್ರಾನ್ಸಿಸ್ಕೋದ ವೇದಿಕೆಯಲ್ಲಿ ಸ್ಟೀವ್ ಜಾಬ್ಸ್ ಆರಾಮಾಗಿ ಕುರ್ಚಿಯಲ್ಲಿ ಕೂತು ಮೊದಲ ಐಪ್ಯಾಡನ್ನು ಬಳಸಿ ತೋರಿಸಿದರು. ಮೌಸ್ ಇಲ್ಲ, ಕೀಲಿಮಣೆ ಇಲ್ಲ. ಬೆರಳೊಂದಿದ್ದರೆ ಸಾಕು, ಕಲಿಯುವುದಕ್ಕೆ ಏನೂ ಇಲ್ಲ ಎನ್ನಿಸುವಂತಿತ್ತು ಆ ಪ್ರದರ್ಶನ. ಏಪ್ರಿಲ್ 3ರಂದು ಅದನ್ನು ಕೊಂಡು ಮನೆಗೆ ತಂದವರು ಮಾತ್ರ ಮೊದಲು ಇನ್ನೊಂದು ಕಂಪ್ಯೂಟರನ್ನು ಹುಡುಕಬೇಕಾಯಿತು. ಕೇಬಲ್ ಜೋಡಿಸಿ, ಆಪಲ್‌ನ ಐಟ್ಯೂನ್ಸ್ ತಂತ್ರಾಂಶದ ಮೂಲಕ ಚಾಲನೆ ಕೊಡದೆ ಐಪ್ಯಾಡ್ ಕೆಲಸ ಶುರುಮಾಡುತ್ತಿರಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಐಪ್ಯಾಡ್‌ನ ಕಾರ್ಯವ್ಯವಸ್ಥೆಯ ಹೊಸ ಆವೃತ್ತಿ ಐಓಎಸ್ 5 ಬಂದ ಮೇಲಷ್ಟೇ ಆ ಅವಲಂಬನೆ ತಪ್ಪಿತು.

ಅಂದಿನಿಂದ ಈ ಆರಂಭದ ಹಂತವನ್ನು ಆಪಲ್ ತುಂಬ ಕಾಳಜಿಯಿಂದ ತಿದ್ದಿದೆ. ಇಂದು ಹೊಸ ಐಪ್ಯಾಡ್‌ನ ಗುಂಡಿ ಒತ್ತಿದರೆ ಬೇರೆ ಬೇರೆ ಭಾಷೆಗಳಲ್ಲಿ ನಮಸ್ಕಾರ ಬರುತ್ತದೆ. ಭಾಷೆ, ದೇಶ, ಅಕ್ಷರದ ಗಾತ್ರ, ವೈಫೈ, ಪಾಸ್‌ಕೋಡ್, ಬೆರಳಚ್ಚು ಅಥವಾ ಮುಖದ ಗುರುತು, ಆಪಲ್ ಖಾತೆ, ಸ್ಥಳದ ಮಾಹಿತಿಗೆ ಅನುಮತಿ ಹೀಗೆ ಒಂದು ಪುಟಕ್ಕೆ ಒಂದೇ ಪ್ರಶ್ನೆ. ಗೊಂದಲಕ್ಕೆ ಎಡೆ ಕಡಿಮೆ. ಮನೆಯಲ್ಲಿ ಐಫೋನ್ ಇದ್ದರೆ ಅದನ್ನು ಪಕ್ಕದಲ್ಲಿಟ್ಟರೆ ಸಾಕು: ಹೊಸ ಪರದೆಯ ಮೇಲೆ ಚುಕ್ಕಿಗಳ ಮೋಡವೊಂದು ಸುತ್ತುತ್ತದೆ, ಫೋನಿನ ಕ್ಯಾಮೆರಾ ಅದನ್ನು ಓದಿಕೊಳ್ಳುತ್ತದೆ, ಅರ್ಧ ಕೆಲಸ ಅಲ್ಲಿಗೇ ಮುಗಿಯುತ್ತದೆ. ಇನ್ನೂ ಮೆಚ್ಚಬೇಕಾದ ಸಂಗತಿಯೊಂದಿದೆ. ಕಣ್ಣು ಕಾಣದವರು ಇದೇ ಮೊದಲ ಪರದೆಯಲ್ಲಿ ಗುಂಡಿಯನ್ನು ಮೂರು ಬಾರಿ ಒತ್ತಿ, ಪರದೆಯನ್ನು ಓದಿ ಹೇಳುವ ವಾಯ್ಸ್‌ಓವರ್ ಚಾಲೂ ಮಾಡಿಕೊಂಡು, ಯಾರ ಸಹಾಯವೂ ಇಲ್ಲದೆ ಮುಂದಿನ ಹಂತಗಳನ್ನು ಕೇಳುತ್ತ ಸಾಗಬಹುದು.

ಇಷ್ಟೆಲ್ಲ ಮುಗಿದ ಮೇಲೆ ಬಳಸುವವರು ಯಾರೆಂದು ಐಪ್ಯಾಡ್‌ಗೆ ಚೆನ್ನಾಗಿ ಗೊತ್ತಾಗಿರುತ್ತದೆ. ಐಪ್ಯಾಡನ್ನು ಹೇಗೆ ಬಳಸಬೇಕೆಂದು ಅವರಿಗೆ ಗೊತ್ತಾಗಿರುವುದಿಲ್ಲ. ಈ ವ್ಯವಸ್ಥೆಯ ದೊಡ್ಡ ಕೊರತೆ ಇದೇ.

ಪರದೆಯ ಕೆಳಅಂಚನ್ನೇ ನೋಡಿ. ಒಂದು ಆ್ಯಪ್ ತೆರೆದಿರುವಾಗ ಅಲ್ಲಿಂದ ಬೆರಳನ್ನು ತುಸು ಮೇಲಕ್ಕೆ ಸರಿಸಿದರೆ ಡಾಕ್ ಎಂಬ ಐಕಾನ್‌ಗಳ ಸಾಲು ಏಳುತ್ತದೆ. ಇನ್ನಷ್ಟು ಮೇಲಕ್ಕೆ ಸರಿಸಿದರೆ ಆ್ಯಪ್ ಮರೆಯಾಗಿ ಮುಖಪುಟ ಬರುತ್ತದೆ. ಸರಿಸಿ, ನಡುವೆ ಕ್ಷಣ ತಡೆದರೆ ತೆರೆದಿರುವ ಆ್ಯಪ್‌ಗಳೆಲ್ಲ ಹರಡಿಕೊಳ್ಳುತ್ತವೆ. ಒಂದೇ ಅಂಚು, ಒಂದೇ ಬೆರಳು, ಮೂರು ಫಲ. ವ್ಯತ್ಯಾಸವೆಲ್ಲ ಎಷ್ಟು ದೂರ ಸರಿಸಿದಿರಿ, ಎಷ್ಟು ಹೊತ್ತು ತಡೆದಿರಿ ಎಂಬುದರಲ್ಲಿದೆ. ಮೇಲಂಚಿನ ಬಲಮೂಲೆಯಿಂದ ಕೆಳಗೆಳೆದರೆ ಬೆಳಕು, ಧ್ವನಿ, ವೈಫೈಗಳ ನಿಯಂತ್ರಣ ಫಲಕ. ಎಡಮೂಲೆಯಿಂದ ಎಳೆದರೆ ಸೂಚನೆಗಳ ಪಟ್ಟಿ. ಮುಖಪುಟದ ನಡುವಿನಿಂದ ಎಳೆದರೆ ಹುಡುಕಾಟ. ರೂಢಿಯಾದವರ ಕೈಗೆ ಇವೆಲ್ಲ ಸಲೀಸು, ನಿಜಕ್ಕೂ ವೇಗ. ಕೈ ನಡುಗುವ ಎಪ್ಪತ್ತರ ಹಿರಿಯರಿಗೆ ಅದೇ ಅಂಚು ಒಮ್ಮೆ ಡಾಕ್ ತೋರಿಸುತ್ತದೆ, ಇನ್ನೊಮ್ಮೆ ಓದುತ್ತಿದ್ದ ಪುಟವನ್ನೇ ಮಾಯ ಮಾಡುತ್ತದೆ. ಏನು ತಪ್ಪಾಯಿತೆಂದು ತಿಳಿಯುವ ಗುರುತು ಪರದೆಯ ಮೇಲಿಲ್ಲ.

ಆರಂಭದ ಹಂತಗಳಲ್ಲಿ ಇಂಥ ಕೆಲವು ಸನ್ನೆಗಳನ್ನು ಚಲಿಸುವ ಚಿತ್ರಗಳಲ್ಲಿ ತೋರಿಸುವುದು ಹೌದು. ಆದರೆ ಅವು ನೋಡಿ ದಾಟುವ ಪುಟಗಳು. 'ಮುಂದುವರಿಸಿ' ಎಂಬುದನ್ನು ಒತ್ತಿದರೆ ಮುಗಿಯಿತು. ಪಾಸ್‌ಕೋಡನ್ನು ಎರಡು ಸಲ ಬರೆಸಿಕೊಂಡು ಖಚಿತಪಡಿಸಿಕೊಳ್ಳುವ ವ್ಯವಸ್ಥೆ, ಮುಖಪುಟಕ್ಕೆ ಮರಳುವ ಸನ್ನೆಯನ್ನು ಒಂದು ಸಲವೂ ಮಾಡಿಸಿ ನೋಡುವುದಿಲ್ಲ. ಟಿಪ್ಸ್ ಎಂಬ ಆ್ಯಪ್ ಮೊದಲೇ ಇರುತ್ತದೆ, ಬಳಕೆದಾರರ ಕೈಪಿಡಿಯೂ ಉಚಿತ. ಅವನ್ನು ತೆರೆಯಬೇಕೆಂದು ಗೊತ್ತಿರುವವರಿಗೆ ಅವುಗಳ ಅಗತ್ಯ ಅಷ್ಟಾಗಿ ಇರುವುದಿಲ್ಲ.

ಈ ಆಕ್ಷೇಪ ಐಪ್ಯಾಡ್‌ನಷ್ಟೇ ಹಳೆಯದು. 2010ರಲ್ಲಿಯೇ ಬಳಕೆ-ಸುಲಭತೆಯ ತಜ್ಞ ಜೇಕಬ್ ನೀಲ್ಸನ್ ತಂಡ ಐಪ್ಯಾಡನ್ನು ಬಳಕೆದಾರರ ಕೈಗೆ ಕೊಟ್ಟು ಪರೀಕ್ಷಿಸಿದಾಗ, ಎಲ್ಲಿ ಮುಟ್ಟಬೇಕೆಂಬುದೇ ತಿಳಿಯದೆ ಅವರು ತಡವರಿಸಿದ್ದು ಕಂಡುಬಂತು. ಅದೇ ವರ್ಷ ನೀಲ್ಸನ್ ಮತ್ತು ವಿನ್ಯಾಸ ತಜ್ಞ ಡಾನ್ ನಾರ್ಮನ್ ಸೇರಿ ಬರೆದ ಲೇಖನವೊಂದರಲ್ಲಿ, ಸನ್ನೆಗಳನ್ನು ನೆಚ್ಚಿದ ವಿನ್ಯಾಸ ಬಳಕೆಯ ದೃಷ್ಟಿಯಿಂದ ಒಂದು ಹೆಜ್ಜೆ ಹಿಂದಕ್ಕೆ ಹೋದಂತೆ ಎಂದು ವಾದಿಸಿದರು. ಏನೇನು ಮಾಡಬಹುದೆಂದು ಕಣ್ಣಿಗೆ ಕಾಣಬೇಕು, ಮಾಡಿದ್ದನ್ನು ರದ್ದುಮಾಡುವ ದಾರಿ ಇರಬೇಕು ಎಂಬ ಹಳೆಯ ತತ್ತ್ವಗಳು ಇಲ್ಲಿ ಮರೆತುಹೋಗಿವೆ ಎಂಬುದು ಅವರ ದೂರು. ನಾರ್ಮನ್ ಹೊರಗಿನವರಲ್ಲ, ಹಿಂದೊಮ್ಮೆ ಆಪಲ್‌ನಲ್ಲೇ ದುಡಿದವರು.

ಆಗ ಐಪ್ಯಾಡ್‌ಗೆ ಒಂದು ರಕ್ಷಣೆಯಿತ್ತು: ಹೋಮ್ ಬಟನ್. ಎಲ್ಲಿ ಸಿಕ್ಕಿಹಾಕಿಕೊಂಡರೂ ಅದನ್ನೊತ್ತಿದರೆ ಮುಖಪುಟ. 2018ರ ಐಪ್ಯಾಡ್ ಪ್ರೋದಲ್ಲಿ ಅದು ಹೋಯಿತು, 2022ರ ಹತ್ತನೇ ತಲೆಮಾರಿನ ಸಾಮಾನ್ಯ ಐಪ್ಯಾಡ್‌ನಲ್ಲೂ ಹೋಯಿತು. ಬಟನ್ ತೆಗೆದಾಗ ಪರದೆ ದೊಡ್ಡದಾಯಿತು, ಹೊಸಬರ ಪಾಲಿಗಿದ್ದ ಏಕೈಕ ಖಚಿತ ದಾರಿ ಮುಚ್ಚಿತು.

ಕಲಿತವರಿಗೂ ನೆಮ್ಮದಿಯಿಲ್ಲ. 2015ರಲ್ಲಿ ಐಓಎಸ್ 9 ಎರಡು ಆ್ಯಪ್‌ಗಳನ್ನು ಅಕ್ಕಪಕ್ಕ ಇಡುವ ಸ್ಪ್ಲಿಟ್ ವ್ಯೂ, ಒಂದರ ಮೇಲೊಂದು ತೇಲಿಸುವ ಸ್ಲೈಡ್ ಓವರ್ ತಂದಿತು. 2017ರಲ್ಲಿ ಹೊಸ ರೂಪದ ಡಾಕ್ ಬಂದು ಅವನ್ನು ತೆರೆಯುವ ರೀತಿಯೇ ಬದಲಾಯಿತು. 2019ರಲ್ಲಿ ಐಪ್ಯಾಡ್‌ನ ಕಾರ್ಯವ್ಯವಸ್ಥೆಗೆ ಐಪ್ಯಾಡ್‌ಓಎಸ್ ಎಂಬ ಪ್ರತ್ಯೇಕ ಹೆಸರು ಸಿಕ್ಕಿತು. 2021ರಲ್ಲಿ ಪರದೆಯ ತುದಿಗೆ ಮೂರು ಚುಕ್ಕಿಗಳ ಮೆನು, 2022ರಲ್ಲಿ ಆ್ಯಪ್‌ಗಳ ಕಿಟಕಿಗಳನ್ನು ಗುಂಪುಗೂಡಿಸುವ ಸ್ಟೇಜ್ ಮ್ಯಾನೇಜರ್. 2025ರ ಐಪ್ಯಾಡ್‌ಓಎಸ್ 26ರಲ್ಲಿ ಮ್ಯಾಕ್‌ನಂತೆ ಕಿಟಕಿಗಳು, ಕೆಂಪು ಹಳದಿ ಹಸಿರು ಗುಂಡಿಗಳು ಬಂದವು, ಸ್ಲೈಡ್ ಓವರ್ ಹೋಯಿತು. ಕೆಲವೇ ವಾರಗಳಲ್ಲಿ 26.1ರಲ್ಲಿ ಅದು ಬೇರೆ ರೂಪದಲ್ಲಿ ಮರಳಿತು. ಹತ್ತು ವರ್ಷಗಳಲ್ಲಿ ಒಂದೇ ಕೆಲಸಕ್ಕೆ ಇಷ್ಟು ಪಾಠ. ಶಾಲೆಯ ಶಿಕ್ಷಕಿಯೊಬ್ಬರು ಮಕ್ಕಳಿಗಾಗಿ ಬರೆದಿಟ್ಟ ಟಿಪ್ಪಣಿ ಮುಂದಿನ ವರ್ಷಕ್ಕೆ ಕೆಲಸಕ್ಕೆ ಬಾರದಂತಾಗುತ್ತದೆ.

ಐಪ್ಯಾಡ್‌ಓಎಸ್ 26 ತಂದ ಮೆನು ಪಟ್ಟಿ ಮಾತ್ರ ಸರಿಯಾದ ದಿಕ್ಕಿನ ಹೆಜ್ಜೆ. ಆ್ಯಪ್‌ನಲ್ಲಿ ಏನೇನು ಸಾಧ್ಯ ಎಂಬುದು ಅಲ್ಲಿ ಅಕ್ಷರಗಳಲ್ಲಿ, ಸಾಲಾಗಿ ಸಿಗುತ್ತದೆ. ನಾರ್ಮನ್ ಕೇಳಿದ್ದು ಇದನ್ನೇ. ಆದರೆ ಆ ಪಟ್ಟಿ ಕಾಣಿಸಬೇಕಾದರೂ ಮೇಲಂಚಿನಿಂದ ಬೆರಳು ಎಳೆಯಬೇಕು, ಇಲ್ಲವೇ ಮೌಸ್‌ನ ಬಾಣವನ್ನು ಅಲ್ಲಿಗೆ ಒಯ್ಯಬೇಕು. ಪರಿಹಾರವೂ ಸನ್ನೆಯ ಹಿಂದೆಯೇ ಅಡಗಿದೆ.

ಹೊಸಬರಿಗೆ ನಿಜವಾಗಿ ನೆರವಾಗುವ ಸಲಕರಣೆಗಳು ಐಪ್ಯಾಡ್‌ನಲ್ಲಿ ಇಲ್ಲದೆಯೂ ಇಲ್ಲ. ಅಸಿಸ್ಟಿವ್‌ಟಚ್ ಚಾಲೂ ಮಾಡಿದರೆ ಪರದೆಯ ಮೇಲೆ ಸದಾ ಒಂದು ಗುಂಡಿ ತೇಲುತ್ತಿರುತ್ತದೆ. ಅದನ್ನೊತ್ತಿ ಮುಖಪುಟಕ್ಕೆ ಹೋಗಬಹುದು, ಅಂದರೆ ಕಳೆದುಹೋದ ಹೋಮ್ ಬಟನ್ ಮರಳಿ ಸಿಕ್ಕಂತೆ. ಗೈಡೆಡ್ ಆ್ಯಕ್ಸೆಸ್ ಬಳಸುವವರನ್ನು ಒಂದೇ ಆ್ಯಪ್‌ನೊಳಗೆ ನಿಲ್ಲಿಸುತ್ತದೆ. ಕಲಿಯುವ ಮಗುವಿಗೆ ಇದು ವರ. 2023ರಲ್ಲಿ ಬಂದ ಅಸಿಸ್ಟಿವ್ ಆ್ಯಕ್ಸೆಸ್ ಇಡೀ ಪರದೆಯನ್ನೇ ಕೆಲವು ದೊಡ್ಡ ಗುಂಡಿಗಳಿಗೆ ಇಳಿಸುತ್ತದೆ. ಬೇಸರದ ಮಾತೆಂದರೆ ಇವೆಲ್ಲ ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ವಿಭಾಗದೊಳಗಿವೆ. ಅಂಗವೈಕಲ್ಯ ಇದ್ದವರಿಗಷ್ಟೇ ಎಂದುಕೊಂಡು ಹೆಚ್ಚಿನವರು ಆ ಕಡೆ ಹೋಗುವುದೇ ಇಲ್ಲ.

ಕನ್ನಡಿಗರಿಗೆ ಇನ್ನೊಂದು ಅಡ್ಡಗೋಡೆ ಇತ್ತು. 2017ರ ಐಓಎಸ್ 11ರಿಂದ ಐಪ್ಯಾಡ್‌ನಲ್ಲಿ ಕನ್ನಡ ಕೀಲಿಮಣೆ ಇದೆ. ಪತ್ರ ಬರೆಯಬಹುದಿತ್ತು, ಸೆಟ್ಟಿಂಗ್ಸ್ ಮಾತ್ರ ಇಂಗ್ಲಿಷಿನಲ್ಲೇ ಓದಬೇಕಿತ್ತು. 2025ರ ಮಾರ್ಚ್ 31ರಂದು ಬಂದ ಐಪ್ಯಾಡ್‌ಓಎಸ್ 18.4ರ ಆವೃತ್ತಿಯಲ್ಲಿ ಕನ್ನಡವೂ ಸೇರಿದಂತೆ ಹತ್ತು ಭಾಷೆಗಳು ವ್ಯವಸ್ಥೆಯ ಭಾಷೆಗಳಾದವು. ತಡವಾದರೂ ಇದು ದೊಡ್ಡ ಕೆಲಸ. ಯಾವುದಕ್ಕೆ ಅನುಮತಿ ಕೊಡುತ್ತಿದ್ದೇನೆ ಎಂಬುದನ್ನು ಇಂಗ್ಲಿಷ್ ಬಾರದ ಅಜ್ಜಿಯೂ ಈಗ ಮೊಮ್ಮಗನನ್ನು ಕೇಳದೆ ಓದಿಕೊಳ್ಳಬಹುದು. ಬೇರೆ ಕಂಪನಿಗಳ ಆ್ಯಪ್‌ಗಳು ಕನ್ನಡಕ್ಕೆ ಬರುವುದು ಅವುಗಳನ್ನು ಮಾಡಿದವರ ಮನಸ್ಸಿಗೆ ಬಿಟ್ಟದ್ದು. ಆದ್ದರಿಂದ ಮುಖಪುಟ ಕನ್ನಡದಲ್ಲಿದ್ದರೂ ಬ್ಯಾಂಕಿನ ಆ್ಯಪ್ ಇಂಗ್ಲಿಷಿನಲ್ಲಿರಬಹುದು. ಬೆಂಗಳೂರಿನ ಹೆಬ್ಬಾಳದಲ್ಲಿ 2025ರ ಸೆಪ್ಟೆಂಬರ್‌ನಲ್ಲಿ ಆಪಲ್ ತನ್ನದೇ ಮಳಿಗೆ ತೆರೆದಿದೆ, ಇಂಥ ಮಳಿಗೆಗಳಲ್ಲಿ ಉಚಿತ ತರಗತಿಗಳೂ ನಡೆಯುತ್ತವೆ. ಕಲಬುರಗಿಯಲ್ಲೋ ಶಿರಸಿಯಲ್ಲೋ ಐಪ್ಯಾಡ್ ಕೊಂಡವರಿಗೆ ಅದು ದೂರದ ಮಾತು. ಅವರ ಪಾಠ ಪೆಟ್ಟಿಗೆಯೊಳಗಿನ ಆ ಪರದೆಯಲ್ಲೇ ನಡೆಯಬೇಕು.

ಹಾಗೆ ನಡೆಸಲು ಬೇಕಾದ ಜಾಗವೂ ಸಿದ್ಧವಿದೆ. ಅಕ್ಷರ ಎಷ್ಟು ದೊಡ್ಡದಿರಲಿ ಎಂದು ಕೇಳುವ ಪುಟದಲ್ಲೇ, ಪರದೆಯ ಮೇಲೆ ಹೋಮ್ ಗುಂಡಿ ಬೇಕೇ ಎಂದೂ ಕೇಳಬಹುದು. ಕೊನೆಯ ಪುಟದಲ್ಲಿ ಡಾಕ್, ಮುಖಪುಟ, ತೆರೆದ ಆ್ಯಪ್‌ಗಳು ಈ ಮೂರು ಸನ್ನೆಗಳನ್ನು ಬಳಕೆದಾರರ ಬೆರಳಿನಿಂದಲೇ ಮಾಡಿಸಿ ನೋಡಬಹುದು. ಆಪಲ್ ಅದನ್ನು ಮಾಡುವವರೆಗೆ ಹಿರಿಯರ ಕೈಗೆ ಐಪ್ಯಾಡ್ ಕೊಡುವವರು ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಕ್ಸೆಸಿಬಿಲಿಟಿಯಲ್ಲಿ ಟಚ್ ವಿಭಾಗ ತೆರೆದು, ಅಸಿಸ್ಟಿವ್‌ಟಚ್ ಚಾಲೂ ಮಾಡಿ, ಭಾಷೆಯನ್ನು ಕನ್ನಡಕ್ಕೆ ಬದಲಿಸಿಯೇ ಕೊಡುವುದು ಒಳ್ಳೆಯದು.