ಬೆಳಗಿಗೆ ಬೊಂಡಾಸ್, ಸಂಜೆಗೆ ಟ್ಯೂನಾ

ಜಪಾನಿಗೆ ಹೋಗಿ ಬಂದವರ ಬಾಯಲ್ಲಿ ಒಂದು ಕಥೆ ಇದ್ದೇ ಇರುತ್ತದೆ. ನಸುಕಿನಲ್ಲೇ ಎದ್ದು ಮೀನು ಮಾರುಕಟ್ಟೆಗೆ ಓಡಿದ್ದು, ಅಲ್ಲೇ ಒಂದು ಕಿಷ್ಕಿಂಧೆಯಂಥ ಅಂಗಡಿಯಲ್ಲಿ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತು ಸುಶಿ ತಿಂದದ್ದು, 'ಇಷ್ಟು ತಾಜಾ ಮೀನು ಜನ್ಮದಲ್ಲಿ ತಿಂದಿರಲಿಲ್ಲ' ಎಂದು ಷರಾ ಬರೆದದ್ದು. ಎದ್ದದ್ದು ನಿಜ, ತಿಂದದ್ದೂ ನಿಜ. ಆ ಷರಾದ ಮೇಲೆ ಮಾತ್ರ ನನ್ನ ತಕರಾರಿದೆ. ತಾಜಾ ಇದ್ದಷ್ಟೂ ರುಚಿ ಎಂಬ ಲೆಕ್ಕ ಪ್ರವಾಸಿಗರದ್ದು. ಬೆಳಗಿನ ಜಾವ ಆ ಮೀನನ್ನು ಕೊಳ್ಳಲು ಬರುವ ಜಪಾನಿ ವ್ಯಾಪಾರಿಯ ಲೆಕ್ಕವೇ ಬೇರೆ.

ಮೊದಲು ಒಂದು ಗೊಂದಲ ಪರಿಹಾರವಾಗಲಿ. ಈಗ ಯಾರಾದರೂ 'ತ್ಸುಕಿಜಿಗೆ ಹೋಗಿದ್ದೆ' ಎಂದರೆ ಅವರು ನೋಡಿದ್ದು ಹಳೆಯ ಸಗಟು ಮಾರುಕಟ್ಟೆಯನ್ನಲ್ಲ. ಟೋಕಿಯೊದ ಮೀನು ಪೇಟೆ ಮೊದಲಿಗೆ ನಿಹೊಂಬಾಶಿ ಸೇತುವೆಯ ಬಳಿ ಇತ್ತು. 1923ರ ಮಹಾ ಭೂಕಂಪದಲ್ಲಿ ಅದು ನಾಶವಾದ ಮೇಲೆ ತ್ಸುಕಿಜಿಗೆ ಬಂತು, 1935ರಲ್ಲಿ ಅಲ್ಲಿ ವಿಧಿವತ್ತಾಗಿ ಶುರುವಾಯಿತು. 2018ರ ಅಕ್ಟೋಬರ್ 6ರಂದು ಅದೂ ಬಾಗಿಲು ಹಾಕಿ, 11ರಂದು ತೊಯೊಸುವಿನಲ್ಲಿ ಹೊಸ ಕಟ್ಟಡ ತೆರೆಯಿತು. ತ್ಸುಕಿಜಿಯಲ್ಲಿ ಉಳಿದದ್ದು ಹೊರಪೇಟೆ ಮಾತ್ರ. ಚಾಕು, ಒಣಮೀನಿನ ಹೆರೆ, ನೋರಿ ಪಾಚಿಯ ಹಾಳೆ, ಪಿಂಗಾಣಿ ಬಟ್ಟಲು, ಕಡ್ಡಿಗೆ ಚುಚ್ಚಿ ಕೊಡುವ ಸಿಹಿ ಆಮ್ಲೆಟ್ ಸಿಗುವ ಓಣಿಗಳವು. ಚಾಕು ಕೊಳ್ಳುವವರಿಗೆ ನಾನು ಈಗಲೂ ಅದೇ ಓಣಿಯನ್ನು ತೋರಿಸುತ್ತೇನೆ. ಮೀನಿಗೆಂದು ಹೋಗುವವರಿಗೆ ಬೇಡ ಎನ್ನುತ್ತೇನೆ. ಗೋಮಾಂಸದ ಕಡ್ಡಿಗೂ ಸ್ಟ್ರಾಬೆರಿ ಕಡ್ಡಿಗೂ ಅಲ್ಲಿ ಈಗ ಮೀನಿಗಿಂತ ಉದ್ದದ ಸಾಲು. ನಡೆಯುತ್ತಾ ತಿನ್ನಬೇಡಿ, ಕೊಂಡ ಅಂಗಡಿಯ ಮುಂದೆಯೇ ನಿಂತು ತಿಂದು ಮುಗಿಸಿ ಎಂದು ಫಲಕ ಹಾಕಿದ್ದಾರೆ. ಸಾಮಾನ್ಯ ಗಿರಾಕಿಗಳು ಬೆಳಗ್ಗೆ 9 ಗಂಟೆಯ ನಂತರ ಬಂದರೆ ಒಳ್ಳೆಯದು, ಅದಕ್ಕೂ ಮುಂಚೆ ಹೋಟೆಲಿನವರು ಕೊಳ್ಳಲು ಬರುತ್ತಾರೆ ಎಂದೂ ಕೇಳಿಕೊಳ್ಳುತ್ತಾರೆ. ನಸುಕಿನಲ್ಲೇ ಓಡಿಬರುವವರು ಇದನ್ನು ಓದುವುದೇ ಇಲ್ಲ.

ತೊಯೊಸು ನೋಡಲೇಬೇಕಾದ ಜಾಗ. ಟ್ಯೂನಾ ಹರಾಜನ್ನು ಹತ್ತಿರದಿಂದ ನೋಡಲು ಮೊದಲೇ ಅರ್ಜಿ ಹಾಕಿ ಲಾಟರಿಯಲ್ಲಿ ಹೆಸರು ಬರಬೇಕು. ಬಾರದವರಿಗೆ ಮೇಲಿನ ಗಾಜಿನ ಕಿಟಕಿಯೇ ಗತಿ. ಕೆಳಗೆ ಹಸಿರು ಬಣ್ಣದ ನೆಲ. ಮಾಂಸದ ಕೆಂಪು ಎದ್ದು ಕಾಣಲೆಂದೇ ಆ ಹಸಿರು. ಅದರ ಮೇಲೆ ಸಾಲಾಗಿ ಮಲಗಿಸಿದ ಮೀನುಗಳಿಗೆ ಬಾಲ ಕತ್ತರಿಸಿರುತ್ತಾರೆ. ರಬ್ಬರ್ ಬೂಟಿನವರು ಟಾರ್ಚ್ ಹಿಡಿದು ಬಾಲದ ಕೊಯ್ತಕ್ಕೆ ಬಗ್ಗುತ್ತಾರೆ, ಚೂರು ಮಾಂಸ ಕಿತ್ತು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸಕುತ್ತಾರೆ. ಕೊಬ್ಬು ಎಷ್ಟಿದೆ ಎಂದು ಬೆರಳಿಗೆ ಗೊತ್ತಾಗಬೇಕು. ಆಮೇಲೆ ಗಂಟೆ ಬಾರಿಸುತ್ತದೆ. ಹರಾಜುದಾರ ಒಂದೇ ಉಸಿರಿನಲ್ಲಿ ಕೂಗತೊಡಗುತ್ತಾನೆ, ಕೊಳ್ಳುವವರು ತುಟಿ ಬಿಚ್ಚದೆ ಬೆರಳು ಮಡಚಿ ದರ ಹೇಳುತ್ತಾರೆ, ಒಂದೊಂದು ಮೀನಿನ ಹಣೆಬರಹ ಕೆಲವೇ ಸೆಕೆಂಡುಗಳಲ್ಲಿ ಇತ್ಯರ್ಥ. ಮೀನಿನ ಮೈ ಮುಟ್ಟಿ ನೋಡಿದ್ದಕ್ಕೆ ಹೋಲಿಸಿದರೆ ಹರಾಜಿನ ಹೊತ್ತು ಏನೂ ಅಲ್ಲ. ಕೆಲಸವೆಲ್ಲ ಗಂಟೆ ಬಾರಿಸುವ ಮುಂಚೆಯೇ ಮುಗಿದಿರುತ್ತದೆ.

ಹೊಸ ವರ್ಷದ ಮೊದಲ ಹರಾಜಿನ ಬೆಲೆ ನಮ್ಮ ಪತ್ರಿಕೆಗಳಲ್ಲೂ ಸುದ್ದಿಯಾಗುತ್ತದೆ. 2019ರ ಜನವರಿಯಲ್ಲಿ ಓಮಾ ಊರಿನ ಕಡಲಲ್ಲಿ ಸಿಕ್ಕ 278 ಕಿಲೋ ತೂಕದ ಒಂದು ಟ್ಯೂನಾ 33 ಕೋಟಿ 36 ಲಕ್ಷ ಯೆನ್ನಿಗೆ ಹೋಯಿತು. ಕೊಂಡವರು ಸುಶಿ ಹೋಟೆಲುಗಳ ಸರಣಿಯ ಮಾಲೀಕ ಕಿಯೊಶಿ ಕಿಮುರಾ. ಅದು ಮೀನಿನ ಬೆಲೆಯಲ್ಲ, ಜಾಹೀರಾತಿನ ಬೆಲೆ. ಆ ದಿನ ಟಿವಿಯಲ್ಲಿ ಅವರ ಮುಖ ಎಷ್ಟು ಸಲ ಬಂತೆಂದು ಲೆಕ್ಕ ಹಾಕಿದರೆ ಸಸ್ತಾವೇ ಇರಬಹುದು.

ಈಗ ತಕರಾರಿನ ವಿಷಯಕ್ಕೆ ಬರುತ್ತೇನೆ. ಬೆಳಗ್ಗೆ ಹರಾಜಾದ ಆ ಟ್ಯೂನಾ ಒಳ್ಳೆಯ ಸುಶಿ ಅಂಗಡಿಯಲ್ಲಿ ಅವತ್ತೇ ತಟ್ಟೆಗೆ ಬರುವುದಿಲ್ಲ. ಮೀನು ಸತ್ತ ಮೇಲೆ ಅದರ ಸ್ನಾಯುವಿನಲ್ಲಿದ್ದ ಶಕ್ತಿಯ ಸಂಯುಕ್ತಗಳು ನಿಧಾನವಾಗಿ ಒಡೆದು ಇನೊಸಿನಿಕ್ ಆಮ್ಲವಾಗುತ್ತವೆ. ನಾಲಿಗೆಗೆ ಉಮಾಮಿ ಎಂದು ತಿಳಿಯುವ ರುಚಿಯ ಒಂದು ಮೂಲ ಅದೇ. ಹಾಗಾಗಿ ಅಂಗಡಿಯವನು ದೊಡ್ಡ ತುಂಡನ್ನು ಬಟ್ಟೆಯಲ್ಲೋ ಕಾಗದದಲ್ಲೋ ಸುತ್ತಿ ತಣ್ಣಗಿಟ್ಟು ದಿನಗಟ್ಟಲೆ ಕಾಯುತ್ತಾನೆ. ಇದಕ್ಕೆಲ್ಲ ಬುನಾದಿ ದೋಣಿಯ ಮೇಲೇ ಬೀಳುತ್ತದೆ. ಹಿಡಿದ ಕೂಡಲೇ ಮಿದುಳಿಗೆ ಮೊಳೆ ಚುಚ್ಚಿ, ರಕ್ತ ಬಸಿದು, ಬೆನ್ನುಹುರಿಯಲ್ಲಿ ತಂತಿ ಹಾಯಿಸುತ್ತಾರೆ. ಒದ್ದಾಡಿ ಸತ್ತ ಮೀನಿಗೆ ಈ ಕಾಯುವ ಯೋಗ್ಯತೆ ಇರುವುದಿಲ್ಲ. ಆದ್ದರಿಂದ ತೊಯೊಸುವಿನಲ್ಲಿ ನೋಡಿ, ಅಲ್ಲೇ ತಿನ್ನಲು ಎರಡು ಗಂಟೆ ಸಾಲಿನಲ್ಲಿ ನಿಲ್ಲಬೇಡಿ. ಟ್ಯೂನಾ ತಿನ್ನುವುದಾದರೆ ಸಂಜೆ ಊರೊಳಗಿನ ಯಾವುದಾದರೂ ಸಣ್ಣ ಸುಶಿ ಅಂಗಡಿಯ ಕೌಂಟರಿನ ಮುಂದೆ ಕೂರಿ.

ಹಾಗಾದರೆ ಬೆಳಗ್ಗೆಯೇ ತಿನ್ನಬೇಕಾದ್ದು ಯಾವುದೂ ಇಲ್ಲವೇ? ಇದೆ. ಅದಕ್ಕೆ ಟೋಕಿಯೊ ಬಿಟ್ಟು ಉತ್ತರಕ್ಕೆ, ಹೊಕ್ಕೈಡೊ ದ್ವೀಪದ ಹಕೊದಾತೆಗೆ ಹೋಗಬೇಕು.

ಹಕೊದಾತೆಯ ಬೆಳಗಿನ ಮಾರುಕಟ್ಟೆ ರೈಲು ನಿಲ್ದಾಣಕ್ಕೆ ಅಂಟಿಕೊಂಡೇ ಇದೆ. 1945ರಲ್ಲಿ, ಯುದ್ಧ ಮುಗಿದ ಬಡತನದ ದಿನಗಳಲ್ಲಿ, ಸುತ್ತಲ ಹಳ್ಳಿಗಳ ರೈತರು ನಿಲ್ದಾಣದ ಮುಂದೆ ತರಕಾರಿ ಹರಡಿಕೊಂಡು ಕೂತದ್ದೇ ಇದರ ಹುಟ್ಟು. ಮೀನು ಆಮೇಲೆ ಬಂತು. ಇವತ್ತು ಸುಮಾರು 250 ಅಂಗಡಿಗಳಿವೆ. ಬೇಸಿಗೆಯಲ್ಲಿ 5 ಗಂಟೆಗೆ, ಚಳಿಗಾಲದಲ್ಲಿ 6ಕ್ಕೆ ತೆರೆದು ಮಧ್ಯಾಹ್ನದ ಹೊತ್ತಿಗೆ ಬಾಗಿಲು ಎಳೆಯತೊಡಗುತ್ತವೆ. ಈ ಊರಿನ ಮೀನು ಎಂದರೆ ಸುರುಮೆ ಇಕಾ, ನಮ್ಮ ಕರಾವಳಿಯವರ ಬೊಂಡಾಸಿನ (ಸ್ಕ್ವಿಡ್) ಬಳಗದ್ದು. ಮಾರುಕಟ್ಟೆಯ ಒಂದು ಕಟ್ಟಡದ ನಡುವೆ ಅದರದ್ದೇ ಒಂದು ತೊಟ್ಟಿ ಇದೆ. ಆ ದಿನದ ದರ ಕೊಟ್ಟರೆ ಗಿಡ್ಡ ಗಾಳದ ಕೋಲು ಕೈಗೆ ಕೊಡುತ್ತಾರೆ. ಎರೆ ಇಲ್ಲ, ಬರೀ ಕೊಕ್ಕೆ. ನೀರಿಗಿಳಿಸಿ, ಬೊಂಡಾಸಿನ ತುದಿಯ ರೆಕ್ಕೆಗೆ ಸಿಕ್ಕಿಸಿ ಎತ್ತಬೇಕು. ಎತ್ತಿದ ಕ್ಷಣ ಅದು ಹೊಟ್ಟೆಯ ನೀರನ್ನೆಲ್ಲ ಯಾರ ಮುಖ ಎದುರಿಗಿದೆಯೋ ಅವರಿಗೆ ಹೊಡೆಯುತ್ತದೆ. ಮಕ್ಕಳಿಗೆ ಇಷ್ಟೇ ಸಾಕು, ಇಡೀ ಕಟ್ಟಡ ಕಿರುಚಾಟ.

ನೋಡಬೇಕಾದ್ದು ಅದರ ಮೈಯನ್ನು. ಜೀವಂತ ಬೊಂಡಾಸಿಗೆ ಬಿಳಿ ಬಣ್ಣವೇ ಇಲ್ಲ. ಬೆಂದ ಸಬ್ಬಕ್ಕಿಯಂತೆ ಆಚೆ ಬದಿ ಕಾಣುವಷ್ಟು ತಿಳಿ. ಆ ತಿಳಿಯ ಮೇಲೆ ಕಂದು ಚುಕ್ಕೆಗಳು ಹಿಗ್ಗುತ್ತವೆ, ಕುಗ್ಗುತ್ತವೆ. ಒಂದು ಅಲೆ ತಲೆಯಿಂದ ಬಾಲಕ್ಕೆ ಹೋದಂತೆ ಇಡೀ ಮೈ ಕೆಂಪಗಾಗಿ ಮತ್ತೆ ಬಣ್ಣ ಕಳೆದುಕೊಳ್ಳುತ್ತದೆ. ಚಾಕುವಿನವನು ಒಂದು ಗೀರಿನಲ್ಲಿ ಒಡಲು ಬಿಡಿಸಿ, ಒಳಗಿನ ಗಾಜಿನ ಕಡ್ಡಿಯಂಥ ಎಲುಬನ್ನು ಎಳೆದು ಹಾಕಿ, ಸಪೂರ ಎಳೆಗಳಾಗಿ ಹೆಚ್ಚಿ ತಟ್ಟೆಗೆ ಹಾಕುವುದಕ್ಕೆ ನಿಮಿಷವೂ ಹಿಡಿಯುವುದಿಲ್ಲ. ಎಳೆಗಳನ್ನು ತುರಿದ ಹಸಿಶುಂಠಿ ಬೆರೆಸಿದ ಸೋಯಾ ಸಾರಿನಲ್ಲಿ ಅದ್ದಿ ತಿನ್ನುತ್ತಾರೆ. ಹಲ್ಲಿಗೆ ಸಿಕ್ಕರೆ ಎಳೆ ಸೌತೆಯ ಹಾಗೆ ಕಟಕಟ ಎನ್ನುವುದನ್ನು ಮಲ್ಪೆ, ಮಂಗಳೂರಿನ ಬೊಂಡಾಸಿನಲ್ಲಿ ನಾವು ಕಂಡಿಲ್ಲ. ಅಲ್ಲಿನ ಟ್ರಾಲ್ ದೋಣಿಗಳು ದಿನಗಟ್ಟಲೆ ಕಡಲಲ್ಲಿದ್ದು, ಮಂಜುಗಡ್ಡೆಯಲ್ಲಿಟ್ಟು ತರುವ ಬೊಂಡಾಸ್ ದಡ ಸೇರುವ ಹೊತ್ತಿಗೆ ಹಾಲಿನ ಬಿಳಿಯಾಗಿರುತ್ತದೆ. ಸುಕ್ಕಕ್ಕೆ, ಘೀ ರೋಸ್ಟಿಗೆ ಅದು ಸರಿ, ಹಸಿ ತಿನ್ನಲು ಅಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡಬೇಕು. ಈ ಕಟಕಟ ಬೊಂಡಾಸಿನಲ್ಲಿ ಸಿಹಿ ಕಡಿಮೆ, ಅದು ಕೆಲ ಗಂಟೆ ಕಳೆದ ಮೇಲೆ ಬರುತ್ತದೆ. ಬೆಳಗ್ಗೆ ತಿನ್ನುವುದು ಹಲ್ಲಿನ ಸುಖಕ್ಕೆ. ಅದು ಮಧ್ಯಾಹ್ನಕ್ಕೆ ಉಳಿಯುವುದಿಲ್ಲ ಎಂಬುದಕ್ಕಾಗಿಯೇ ನಸುಕಿನಲ್ಲಿ ಎದ್ದದ್ದು ಸಾರ್ಥಕ.

ಸೋಯಾ ಸುರಿದರೆ ಬಟ್ಟಲಿನಲ್ಲಿ ಕಾಲು ಕುಣಿಸುವ ಬೊಂಡಾಸಿನ ವಿಡಿಯೊ ನೀವೂ ನೋಡಿರಬಹುದು, ಅದೂ ಇದೇ ಮಾರುಕಟ್ಟೆಯ ಒಂದು ಹೋಟೆಲಿನದು. ಸೋಯಾದ ಉಪ್ಪಿನಲ್ಲಿರುವ ಸೋಡಿಯಂ, ಇನ್ನೂ ಕಸುವು ಉಳಿದಿರುವ ನರಕೋಶಗಳನ್ನು ಕೆಣಕುತ್ತದೆ, ಸ್ನಾಯು ಸೆಟೆಯುತ್ತದೆ. ರುಚಿಗೂ ಇದಕ್ಕೂ ಸಂಬಂಧವಿಲ್ಲ. ನಾನು ತರಿಸುವುದಿಲ್ಲ.

ಬೇಸರದ ಸಂಗತಿ ಎಂದರೆ ಬೊಂಡಾಸೇ ಕಮ್ಮಿಯಾಗುತ್ತಾ ಬಂದಿದೆ. 2011ರ ಸುಮಾರಿಗೆ ಜಪಾನ್ ವರ್ಷಕ್ಕೆ 2 ಲಕ್ಷ ಟನ್ನಿಗೂ ಹೆಚ್ಚು ಸುರುಮೆ ಇಕಾ ಹಿಡಿಯುತ್ತಿತ್ತು. 2023ಕ್ಕೆ ಅದು 20 ಸಾವಿರ ಟನ್ನಿನ ಆಸುಪಾಸಿಗೆ ಇಳಿಯಿತು. ಈ ಜೀವಿಯ ಆಯುಸ್ಸು ಒಂದೇ ವರ್ಷ. ಮೊಟ್ಟೆ ಇಡುವ ಕಡಲಿನ ಬಿಸಿ ಸ್ವಲ್ಪ ಹೆಚ್ಚುಕಮ್ಮಿಯಾದರೂ ಮರುವರ್ಷವೇ ಬಲೆ ಖಾಲಿ. ಮಿತಿ ಮೀರಿ ಹಿಡಿದದ್ದೂ ಉಂಟು. 2016ರ ಮಾರ್ಚಿನಲ್ಲಿ ಶಿಂಕಾನ್ಸೆನ್ ರೈಲು ಕಡಲಡಿಯ ಸುರಂಗ ದಾಟಿ ಹಕೊದಾತೆಯ ಹೊರವಲಯಕ್ಕೆ ಬಂತು, ಟೋಕಿಯೊದಿಂದ ಸುಮಾರು ನಾಲ್ಕು ಗಂಟೆಯ ದಾರಿ. ಪ್ರವಾಸಿಗರು ಬೊಂಡಾಸ್ ತಿನ್ನಲು ರೈಲು ತುಂಬಿ ಬರುವ ಹೊತ್ತಿಗೆ ಸರಿಯಾಗಿ ಬೊಂಡಾಸ್ ಹೊರಟು ನಿಂತಿತು. ಅದರ ಜಾಗಕ್ಕೆ ಬೆಚ್ಚನೆ ನೀರಿನ ಬುರಿ ಮೀನು ರಾಶಿ ರಾಶಿ ಬಂದು ಬೀಳುತ್ತಿದೆ. ಬುರಿ ತಿಂದು ಅಭ್ಯಾಸವಿಲ್ಲದ ಊರಿಗೆ ಈಗ ಅದನ್ನು ತಿನ್ನಲು ಕಲಿಸುತ್ತಿದ್ದಾರೆ. ಬೊಂಡಾಸಿನ ಹಂಗಾಮು ಶುರುವಾಗುವುದು ಜೂನ್‌ನಲ್ಲಿ. ಅದಕ್ಕೆ ಮುಂಚೆ ಹೋಗುವವರು ತೊಟ್ಟಿಯನ್ನು ನಂಬಿ ಹೋಗಬೇಡಿ.

ಬೊಂಡಾಸ್ ಇಲ್ಲದ ದಿನ ಪ್ರವಾಸಿಗರು ನೇರ ಬಟ್ಟಲೂಟದ ಸಾಲಂಗಡಿಗಳಿಗೆ ನುಗ್ಗುತ್ತಾರೆ. ಅನ್ನದ ಮೇಲೆ ಉನಿ, ಇಕುರಾ, ಏಡಿ. ಹಳದಿ, ಕಿತ್ತಳೆ, ಕೆಂಪು. ಫೋಟೊಕ್ಕೆ ಇದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಈ ಮೂರಕ್ಕೂ ಒಂದೇ ಹಂಗಾಮು ಅಲ್ಲ. ಸಾಲ್ಮನ್ ಮೊಟ್ಟೆಯಾದ ಇಕುರಾದ ಕಾಲ ಶರದೃತು, ಉಳಿದ ತಿಂಗಳುಗಳಲ್ಲಿ ಫ್ರೀಜರಿನದ್ದು. ಉನಿ ಎಂದರೆ ಕಡಲ ಮುಳ್ಳುಚೆಂಡಿನ ಒಳತಿರುಳು. ಅದು ಕರಗದೆ ಆಕಾರ ಹಿಡಿದು ನಿಲ್ಲಲೆಂದು ಪಟಿಕದ ನೀರಿನಲ್ಲಿ ಅದ್ದುವ ರೂಢಿಯಿದೆ. ತಿಂದ ಮೇಲೆ ನಾಲಿಗೆಯ ಹಿಂಬದಿಯಲ್ಲಿ ಉಳಿಯುವ ಕಹಿ ಆ ಪಟಿಕದ್ದು. ಉನಿ ಅಂದರೆ ಹೀಗೇ ಎಂದುಕೊಂಡು ಜನ್ಮಪೂರ್ತಿ ದೂರ ಇಟ್ಟವರಿದ್ದಾರೆ. ಉಪ್ಪುನೀರಿನಲ್ಲಿಟ್ಟ, ಪಟಿಕ ಹಾಕದ ಉನಿ ಕೇಳಿ. ದುಬಾರಿ, ಆದರೆ ಅದು ಬೇರೆಯದೇ ಪದಾರ್ಥ. ಕಡಲ ಪಾಚಿ ಕೊಂಬು ತಿಂದು ಬೆಳೆದ ಜೀವಿಯಲ್ಲವೇ, ಅದೇ ಸಿಹಿ.

ಏಡಿಯಂಗಡಿಯವರು ದಾರಿಗೆ ಅಡ್ಡ ಬಂದು ಕಾಲಿನ ತುಂಡು ರುಚಿ ನೋಡಿ ಎಂದು ಕೈಗೇ ಇಡುತ್ತಾರೆ. ನೋಡಿ, ಪರವಾಗಿಲ್ಲ. ಕೊಳ್ಳುವ ಮುಂಚೆ ಮಾತ್ರ ಏಡಿಯ ಬೆನ್ನು ಚಿಪ್ಪಿನ ನಟ್ಟನಡುವಿನ ಮುಳ್ಳು ಎಣಿಸಿ. ಆರು ಇದ್ದರೆ ತರಬಾ, ನಾಲ್ಕಿದ್ದರೆ ಅದರ ಅಗ್ಗದ ದಾಯಾದಿ ಅಬುರಾ. ಬೇಯಿಸಿದ ಮೇಲೆ ಎರಡೂ ಒಂದೇ ಕೆಂಪು. ತರಬಾ ಕೂಡ ಬಹುಪಾಲು ರಷ್ಯಾದಿಂದ ಬರುವುದು. ಈ ಕಡಲಿನದೇ ಬೇಕೆಂದರೆ ಮೈತುಂಬ ರೋಮವಿರುವ ಚಿಕ್ಕ ಕೆಗಾನಿ ಆರಿಸಿ. ಮಾಂಸ ಕಮ್ಮಿ, ಚಿಪ್ಪಿನೊಳಗಿನ ಹಸಿರು ಗಸಿಯಲ್ಲೇ ಅದರ ಬೆಲೆ ಇರುವುದು.

ನನ್ನ ಆಯ್ಕೆ ಕೇಳಿದರೆ, ಬಣ್ಣದ ಬಟ್ಟಲಿನ ಬದಲು ಸುಟ್ಟ ಹೊಕ್ಕೆಯ ತಟ್ಟೆ. ಹೊಕ್ಕೆ ಅಗ್ಗದ ಮೀನು. ಹೊಟ್ಟೆ ಸೀಳಿ ಬಿಡಿಸಿ, ಉಪ್ಪು ಹಚ್ಚಿ ಆರಿಸಿ, ಕೆಂಡಕ್ಕೆ ಹಿಡಿದರೆ ಕೊಬ್ಬು ಸುರಿಯುತ್ತದೆ. ಜೊತೆಗೆ ಅನ್ನ, ಮಿಸೊ ಸಾರು, ಉಪ್ಪಿನಕಾಯಿ. ಸ್ಥಳೀಯರ ಬೆಳಗಿನ ಊಟ ಇದೇ ಜಾತಿಯದು.

ಶಾಕಾಹಾರಿ ಓದುಗರು ಇಷ್ಟು ಹೊತ್ತಿಗೆ ಪುಟ ತಿರುವಿರಬಹುದು. ತಿರುವದೆ ಇದ್ದವರಿಗೆ: ತರಕಾರಿಯಿಂದ ಹುಟ್ಟಿದ ಈ ಮಾರುಕಟ್ಟೆಯಲ್ಲಿ ಕಲ್ಲಂಗಡಿಗಿಂತ ಸಿಹಿಯಾದ ಕಿತ್ತಳೆ ತಿರುಳಿನ ಮೆಲನ್, ಬೇಸಿಗೆಯ ಜೋಳ, ಆಲೂಗಡ್ಡೆ ಸಿಗುತ್ತವೆ. ಹಕೊದಾತೆಯ ಸುತ್ತಲಿನ ಕೊಂಬು ಜಪಾನಿನಲ್ಲೇ ಹೆಸರುವಾಸಿ, ಹಗುರ, ಕೆಡುವುದಿಲ್ಲ, ಊರಿಗೆ ತರಬಹುದು. ಮಿಸೊ ಸಾರನ್ನು ಮಾತ್ರ ನಂಬಬೇಡಿ, ಅದರ ಮೂಲ ರಸದಲ್ಲಿ ಮೀನಿರುತ್ತದೆ.

ಕೊನೆಯದಾಗಿ ಒಂದು ವಿಳಾಸ. ನಿಲ್ದಾಣದ ಪಕ್ಕದ ಈ ಮಾರುಕಟ್ಟೆ ಈಗ ಹೆಚ್ಚುಕಮ್ಮಿ ಪ್ರವಾಸಿಗರದ್ದು. ಊರಿನ ಸುಶಿ ಅಂಗಡಿಯವರು ಮೀನಿಗೆ ಹೋಗುವುದು ಸ್ವಲ್ಪ ದೂರದ ಶಿಂಕಾವಾ ಬೀದಿಯ ಜಿಯು ಇಚಿಬಾ ಎಂಬ ಮಾರುಕಟ್ಟೆಗೆ. ಅಲ್ಲಿ ಕರೆಯುವವರಿಲ್ಲ, ರುಚಿ ಕೈಗಿಡುವವರಿಲ್ಲ. ಬೊಂಡಾಸನ್ನೇ ಮಾರುವ ಅಂಗಡಿಗಳಿವೆ, ಮುದುಕಿಯರು ಕನ್ನಡಕ ಸರಿಮಾಡಿಕೊಂಡು ಮೀನಿನ ಕಣ್ಣು ಪರೀಕ್ಷಿಸುತ್ತಾರೆ. ಆಯ್ಕೆ ಮಾಡುವ ಕೈಗಳನ್ನು ಗಾಜಿನ ಅಡ್ಡಿ ಇಲ್ಲದೆ ನೋಡಬೇಕೆಂದರೆ ತೊಯೊಸುವಿಗಿಂತ ಇದೇ ಮೇಲು. ಭಾನುವಾರ ರಜೆ, ಆದ್ದರಿಂದ ಹಕೊದಾತೆಗೆ ಶನಿವಾರ ರಾತ್ರಿ ತಲಪುವ ಹಾಗೆ ಟಿಕೆಟ್ ಮಾಡಿಸಬೇಡಿ.