ಪುಡಿಯಲ್ಲಿ ಬರೆದ ಬೆಳಗು

ಕಟ್ಟಾಯದ ಮನೆಯಲ್ಲಿ ಕೂತು ಬಿಡುವಿದ್ದಾಗ ಪಾಸ್ಟೆಲ್ ತಿಕ್ಕುವ ಹವ್ಯಾಸಿ ನಾನು. ಹಾಗಾಗಿ ಇದನ್ನು ಬೆರಳಿಗೆ ಬಣ್ಣ ಮೆತ್ತಿಕೊಂಡವನ ಮಾತು ಎಂದು ಓದಿಕೊಳ್ಳಿ. ಮಗಳ ಮನೆಗೆಂದು ಲಂಡನ್ನಿಗೆ ಹೋಗಿದ್ದಾಗ ಅಲ್ಲಿನ ನ್ಯಾಷನಲ್ ಗ್ಯಾಲರಿಯಲ್ಲಿ ಲಿಯೋತಾರನ ಪ್ರದರ್ಶನ ನಡೆದಿತ್ತು, 2023ರ ನವೆಂಬರಿನಿಂದ 2024ರ ಮಾರ್ಚಿನವರೆಗೆ. ಎರಡು ಸಲ ಹೋಗಿ ನೋಡಿದೆ.

ಜಿನೀವಾದಲ್ಲಿ ಹುಟ್ಟಿದ ಜಾನ್ ಎತಿಯೆನ್ ಲಿಯೋತಾರ್ 1754ರಲ್ಲಿ ಲಾವೆರ್ನ್ ಕುಟುಂಬದ ಬೆಳಗಿನ ತಿಂಡಿಯ ಚಿತ್ರವನ್ನು ಪಾಸ್ಟೆಲಿನಲ್ಲಿ ಬರೆದ. 1773ರಲ್ಲಿ ಅದನ್ನೇ ತೈಲವರ್ಣದಲ್ಲಿ ಮತ್ತೆ ಬರೆದ. ಸುಮಾರು 250 ವರ್ಷಗಳ ನಂತರ ಎರಡನ್ನೂ ಜೊತೆಗಿಟ್ಟಿದ್ದರು. ತಲೆಗೂದಲಿಗೆ ಇನ್ನೂ ಕಾಗದದ ಸುರುಳಿ ಸುತ್ತಿಕೊಂಡಿರುವ ಹುಡುಗಿ ಕಾಫಿಗೆ ಬಿಸ್ಕತ್ತು ಅದ್ದುತ್ತಿದ್ದಾಳೆ. ಪಕ್ಕದ ಹೆಂಗಸು ಕಪ್ಪು ಅಲುಗದಂತೆ ಹಿಡಿದಿದ್ದಾಳೆ. ಹಾಸನ ಸೀಮೆಯವನಿಗೆ ಇದಕ್ಕಿಂತ ಪರಿಚಯದ ದೃಶ್ಯ ಬೇಕೇ!

ಪಾಸ್ಟೆಲ್ ಅಂದರೆ ಬಣ್ಣದ ಪುಡಿ, ಸೀಮೆಸುಣ್ಣದಂಥ ಬಿಳಿ ಪುಡಿ, ಚೂರೇ ಚೂರು ಅಂಟು. ತೈಲವರ್ಣದ ಹಾಗೆ ಅದು ಒಣಗಿ ಗಟ್ಟಿಯಾಗುವುದಿಲ್ಲ. ಸಾರಿಸಿದ ಅಂಗಳದ ಮೇಲಿನ ರಂಗೋಲಿಯಂತೆ ಕಾಗದದ ತರಿಯ ಮೇಲೆ ಸುಮ್ಮನೆ ಕೂತಿರುತ್ತದೆ. ಹೊಳಪೂ ಅದಕ್ಕಿಲ್ಲ. ಅಂಥ ಪುಡಿಯಲ್ಲಿ ಲಿಯೋತಾರ್ ಪಿಂಗಾಣಿಯ ಹೊಳಪು, ಲೋಹದ ಕಾಫಿಪಾತ್ರೆಯೊಳಗಿನ ಪ್ರತಿಬಿಂಬ, ಅರಗಿನ ತಟ್ಟೆಯ ಮಿನುಗು ಬರೆದಿದ್ದಾನೆ. ತೈಲದಲ್ಲಾದರೆ ಎಣ್ಣೆಯ ಮೆರುಗೇ ಅರ್ಧ ಕೆಲಸ ಮಾಡಿಕೊಡುತ್ತದೆ. ಇಲ್ಲಿ ಯಾವ ಬಣ್ಣದ ಪಕ್ಕ ಯಾವುದು ಅನ್ನುವ ಲೆಕ್ಕವೊಂದೇ ಆಸರೆ. ಹುಡುಗಿಯ ತಲೆಯ ಕಾಗದದ ಸುರುಳಿಗಳ ಮುಂದೆ ನಾನು ಬಹಳ ಹೊತ್ತು ನಿಂತೆ: ಕಾಗದದ ಮೇಲೆ ಪುಡಿಯಲ್ಲಿ ಬರೆದ ಕಾಗದ! ತೈಲದ ಪ್ರತಿಯಲ್ಲಿ ಅವು ಚೆನ್ನಾಗಿವೆ, ಅಷ್ಟೇ.

ನನ್ನದೊಂದು ತಕರಾರೂ ಇದೆ. ನಿಸರ್ಗದಲ್ಲಿ ಕುಂಚದ ಗುರುತುಗಳಿಲ್ಲ, ಚಿತ್ರದಲ್ಲೇಕೆ ಇರಬೇಕು ಎಂಬುದು ಲಿಯೋತಾರನ ವಾದ. 1781ರಲ್ಲಿ ಪ್ರಕಟಿಸಿದ ಗ್ರಂಥದಲ್ಲೂ ಅದನ್ನೇ ಹೇಳಿದ. ಈ ಹಟ ಮೇಜಿನ ಮೇಲೆ ಗೆದ್ದಿದೆ. ಹೆಂಗಸಿನ ಮುಖದಲ್ಲಿ ಮಾತ್ರ ನುಣುಪು ತುಸು ಹೆಚ್ಚಾಗಿ ಬೊಂಬೆಯ ಕಳೆ ಬಂದಿದೆ. ಮುಂದಿನ ಶತಮಾನದಲ್ಲಿ ದೆಗಾ ಪಾಸ್ಟೆಲಿನ ಗೀರುಗಳನ್ನು ಉಜ್ಜದೆ ಹಾಗೆಯೇ ಬಿಟ್ಟ. ನನ್ನ ಮನಸ್ಸು ಅವನ ಕಡೆಗೇ.

ಹಾಗೆನ್ನಲು ನನಗೇನು ಹಕ್ಕು? ಅಮ್ಮನ ಚಿತ್ರವನ್ನು ಉಜ್ಜಿ ಉಜ್ಜಿ ನುಣ್ಣಗೆ ಮಾಡಿ, ಪುಡಿ ಉದುರದಿರಲೆಂದು ಕೂದಲಿಗೆ ಹೊಡೆಯುವ ಸ್ಪ್ರೇ ಹೊಡೆದವನು ನಾನು. ಕೆನ್ನೆಯ ಬಣ್ಣ ಕಪ್ಪಿಟ್ಟು ಕೆಸರಾಯಿತು. ಅಮ್ಮ ಈಗಿಲ್ಲ, ಆ ಚಿತ್ರವನ್ನು ಮತ್ತೆ ಕೂರಿಸಿ ಬರೆಯುವಂತಿಲ್ಲ. ಇಲ್ಲಿ ನೋಡಿದರೆ ಒಂದು ಮಗುವಿನ ಕೆನ್ನೆಯ ಮೇಲಿನ ಪುಡಿ 270 ವರ್ಷ ಉಳಿದುಬಂದಿದೆ.

ಊರಿಗೆ ಬಂದಮೇಲೆ ಸ್ಟೀಲಿನ ಕಾಫಿಲೋಟವನ್ನು ಪಾಸ್ಟೆಲಿನಲ್ಲಿ ಬರೆಯುತ್ತಿದ್ದೇನೆ. ಇದು ಮೂರನೆಯ ಹಾಳೆ. ಬೆರಳು ತಾಗಿಸಿಲ್ಲ. ಅಂಚಿನ ಬೆಳಕು ಇನ್ನೂ ಸುಣ್ಣದ ಗೆರೆಯಂತೆಯೇ ಕಾಣುತ್ತಿದೆ.