ತಂಗಡಿ ಗಿಡ ಮತ್ತು ‘ಹಿಂದೂ ರಸಾಯನಶಾಸ್ತ್ರ’

ಪ್ರಫುಲ್ಲಚಂದ್ರ ರಾಯ್ ಅವರ ‘ಹಿಂದೂ ರಸಾಯನಶಾಸ್ತ್ರದ ಇತಿಹಾಸ’ ಇಂಗ್ಲಿಷಿನಲ್ಲಿ ಎರಡು ಸಂಪುಟಗಳಾಗಿ ಬಂದದ್ದು 1902 ಮತ್ತು 1909ರಲ್ಲಿ. ಋಷಿಗಳ ಕಾಲದಲ್ಲೇ ಎಲ್ಲ ಇತ್ತು ಅಂತ ಎದೆ ತಟ್ಟಿಕೊಳ್ಳುವವರು ಈ ಪುಸ್ತಕದ ಹೆಸರು ಹೇಳ್ತಾರೆ. ಹೇಳುವವರಲ್ಲಿ ಓದಿದವರು ಕಡಿಮೆ ಅಂತ ನನ್ನ ಗುಮಾನಿ. ಯಾಕೆಂದರೆ ಪಾದರಸ, ಲೋಹಭಸ್ಮಗಳ ಕತೆ ಹೇಳುವ ರಾಯ್, ಇಷ್ಟೆಲ್ಲ ಇದ್ದ ವಿಜ್ಞಾನ ಈ ನೆಲದಲ್ಲಿ ಯಾಕೆ ಸತ್ತಿತು ಅಂತಲೂ ಕೇಳ್ತಾರೆ. ಅವರ ಉತ್ತರದಲ್ಲಿ ಮುಲಾಜಿಲ್ಲ. ಜಾತಿ ಕೊಂದಿತು. ಹೆಣ ಕೊಯ್ದು ನೋಡದೆ ಶಸ್ತ್ರವೈದ್ಯ ಬರೋದಿಲ್ಲ ಅಂತ ಸುಶ್ರುತ ಹೇಳಿದ್ದ. ಹೆಣ ಮುಟ್ಟಿದರೆ ಮೈಲಿಗೆ ಅಂತ ಮನು ಹೇಳಿದ. ಗೆದ್ದವನು ಮನು. ಮೇಲೆ ಶಂಕರರ ವೇದಾಂತ ಬೇರೆ. ಜಗತ್ತೇ ಮಾಯೆ ಅಂದಮೇಲೆ ಇಲ್ಲದ ವಸ್ತುವನ್ನು ಯಾರು ಕಾಯಿಸಿ ಕರಗಿಸಿ ನೋಡ್ತಾರೆ? ಕಸುಬು ಕೀಳುಜಾತಿಗಳ ಪಾಲಾಯ್ತು, ಬುದ್ಧಿವಂತರು ಕೈತೊಳೆದುಕೊಂಡು ದೂರ ಕೂತರು, ಹೇಗೆ ಯಾಕೆ ಅನ್ನುವ ಪ್ರಶ್ನೆ ಸತ್ತಿತು. ಇಲ್ಲಿ ಒಬ್ಬ ನ್ಯೂಟನ್ ಹುಟ್ಟುವಂತಿರಲಿಲ್ಲ. ಇದು ರಾಯ್ ವಾದ.

ಆ ಕಾಲದಲ್ಲಿ ಹೀಗೆ ಬರೆಯೋಕೆ ಎದೆಗಾರಿಕೆ ಬೇಕು. ಅದಕ್ಕೆ ಶರಣು. ಆದರೆ ಈ ಅನ್ನದಲ್ಲೂ ಒಂದು ಕಲ್ಲು ಹಲ್ಲಿಗೆ ಸಿಕ್ಕುತ್ತೆ. ಮೇಲಿನವರು ಎದ್ದು ಹೋಗುವಾಗ ಪ್ರಶ್ನೆಯನ್ನೂ ಎತ್ತಿಕೊಂಡು ಹೋದರು, ಕೆಳಗಿನವರಲ್ಲಿ ಉಳಿದದ್ದು ಬರೀ ಕೈಚಳಕ ಅಂತ ತಾನೆ ಇದರ ಅರ್ಥ? ನಮ್ಮ ಅಜ್ಜ ಮುತ್ತಜ್ಜಂದಿರಿಗೆ ಕೈ ಇತ್ತು, ತಲೆ ಇರಲಿಲ್ಲವಾ?

ತೊಗಲು ಹದ ಮಾಡುವುದನ್ನೇ ನೋಡಿ. ಹಸಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ಕೆರೆದು ತೆಗೀತಾರೆ. ಸುಣ್ಣ ಹೋಗುವಂತೆ ತೊಳೆದು, ತಂಗಡಿ ತೊಗಟೆ ಕುಟ್ಟಿ ನೆನೆಸಿದ ನೀರಿಗೆ ಇಳಿಸ್ತಾರೆ. ಮೊದಲೇ ಗಟ್ಟಿ ನೀರಿಗಲ್ಲ. ಬಳಸಿ ಸತ್ವ ಇಳಿದ ಹಳೇ ನೀರಿಗೆ. ಆಮೇಲೆ ದಿನ ಕಳೆದಂತೆ ಗಟ್ಟಿ ಮಾಡ್ತಾ ಹೋಗ್ತಾರೆ. ಯಾಕೆ? ಮೊದಲೇ ಗಟ್ಟಿ ನೀರು ಕುಡಿಸಿದರೆ ತೊಗಲಿನ ಮೇಲ್ಪದರ ಬಿಗಿದುಕೊಳ್ಳುತ್ತೆ, ರಸ ಒಳಗಿಳಿಯೋದಿಲ್ಲ, ನಡುವೆ ಹಸಿ ಉಳಿದುಬಿಡುತ್ತೆ. ಇದು ಕಾರ್ಯಕಾರಣ ಅಲ್ಲದೆ ಇನ್ನೇನು ಸ್ವಾಮಿ? ಇಷ್ಟು ತಿಳಿಯಲು ಎಷ್ಟು ತೊಗಲು ಕೆಟ್ಟಿರಬೇಕು, ಎಷ್ಟು ಸಲ ನೀರು ಬದಲಾಗಿರಬೇಕು! ತೊಗಟೆಯಿಂದ ಹದ ಮಾಡುವ ಕಾರ್ಖಾನೆಗಳಲ್ಲೂ ಇದೇ ಕ್ರಮ, ಇದೇ ಕಾರಣ. ಅಲ್ಲಿ ಅದು ಟೆಕ್ನಾಲಜಿ, ಕೇರಿಯಲ್ಲಿ ನಾತ.

ಅದೇ ತಂಗಡಿ ಉಕ್ಕಿನಲ್ಲೂ ಇದೆ. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಕಂಡದ್ದನ್ನು ಬರೆದಿಟ್ಟಿದ್ದಾನೆ. ಮಣ್ಣಿನ ಪುಟ್ಟ ಮೂಸೆಯೊಳಗೆ ಕಬ್ಬಿಣದ ತುಂಡು, ತಂಗಡಿ ಕಡ್ಡಿ, ಒಂದೆರಡು ಹಸಿ ಎಲೆ ಇಟ್ಟು, ಬಾಯಿ ಮುಚ್ಚಿ, ತಿದಿ ಊದಿ ಕಾಯಿಸ್ತಿದ್ದರು. ನಮ್ಮ ‘ಉಕ್ಕು’ ಇಂಗ್ಲಿಷರ ಬರವಣಿಗೆಯಲ್ಲಿ ‘ವೂಟ್ಸ್’ ಆಯ್ತು. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಅದರ ಬಗ್ಗೆ ಪ್ರಬಂಧ ಓದಿದರು. 1819ರಲ್ಲಿ ಮೈಕೆಲ್ ಫ್ಯಾರಡೆ ಅದನ್ನು ಪರೀಕ್ಷೆ ಮಾಡಿ, ಗುಟ್ಟು ಅಲ್ಯುಮಿನಿಯಂ ಅಂಶದಲ್ಲಿದೆ ಅಂದುಕೊಂಡ. ಗುಟ್ಟು ಇದ್ದದ್ದು ಇಂಗಾಲದಲ್ಲಿ, ಆ ಕಡ್ಡಿ ಉರಿದು ಕಬ್ಬಿಣಕ್ಕೆ ಬಿಟ್ಟುಕೊಟ್ಟ ಇಂಗಾಲದಲ್ಲಿ.

ಫ್ಯಾರಡೆ ಯಾರು? ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಕಟ್ಟುವವನ ಹತ್ತಿರ ಕೆಲಸಕ್ಕಿದ್ದ ಹುಡುಗ. ಉಕ್ಕಿನ ಪ್ರಯೋಗದಲ್ಲಿ ಅವನ ಜೊತೆಗಾರ ಜೇಮ್ಸ್ ಸ್ಟೋಡಾರ್ಟ್ ಚಾಕು ಕತ್ತಿ ಮಾಡುವವನು. ಅಲ್ಲೇನೂ ಸ್ವರ್ಗ ಇರಲಿಲ್ಲ. ಗುರು ಡೇವಿಯ ಹೆಂಡತಿ ಫ್ಯಾರಡೆಯನ್ನು ಆಳಿನಂತೆ ಕಂಡಳು. ಆದರೂ ಪ್ರಯೋಗಶಾಲೆಯ ಬಾಗಿಲು ತೆರೆಯಿತು. ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕ ಸೇರಿದ ವಿಯೆನ್ನಾದ ಎಡ್ಗರ್ ಜಿಲ್ಸೆಲ್ 1942ರಲ್ಲಿ ಹೇಳಿದ್ದು ಇದನ್ನೇ: 1600ರ ಸುಮಾರಿಗೆ ಯೂರೋಪಿನಲ್ಲಿ ಪಂಡಿತನಿಗೂ ಕಸುಬುದಾರನಿಗೂ ನಡುವಿದ್ದ ಗೋಡೆ ಬಿತ್ತು, ಹೊಸ ವಿಜ್ಞಾನ ಅಲ್ಲಿಂದ ಬಂತು. ಅಯಸ್ಕಾಂತದ ಬಗ್ಗೆ 1600ರಲ್ಲಿ ದೊಡ್ಡ ಗ್ರಂಥ ಬರೆದ ವೈದ್ಯ ಗಿಲ್ಬರ್ಟ್, ದಿಕ್ಸೂಚಿ ಮಾಡುತ್ತಿದ್ದ ರಾಬರ್ಟ್ ನಾರ್ಮನ್‌ನ 1581ರ ಪುಸ್ತಕದಿಂದ ಕಲಿತಿದ್ದ. ನಾರ್ಮನ್ ತನ್ನ ಭಾಷೆಯಲ್ಲಿ ತಾನೇ ಬರೆದ, ಅದನ್ನು ಗಮನಿಸಿ. ನಮ್ಮವರಿಗೆ ಅಕ್ಷರವೇ ಮುಚ್ಚಿತ್ತು.

ರಾಯ್ ಕಾಣದ್ದು ಇನ್ನೊಂದಿದೆ. ತಿದಿ ತೊಗಲಿನದು. ತೊಗಲಿಲ್ಲದೆ ಉಕ್ಕಿಲ್ಲ. ಆದರೂ ತೊಗಲು ಹದ ಮಾಡಿದವನು ಕಮ್ಮಾರನ ಪಂಕ್ತಿಯಲ್ಲಿ ಕೂರುವಂತಿರಲಿಲ್ಲ. ಜಾತಿ ಕೆಲಸವನ್ನು ಮಾತ್ರ ಹಂಚಲಿಲ್ಲ, ಕೆಲಸಗಾರರನ್ನೇ ಒಡೆದು ಮೇಲೆ ಕೆಳಗೆ ಜೋಡಿಸಿತು ಅಂತ ಅಂಬೇಡ್ಕರ್ 1936ರಲ್ಲಿ ವಾದಿಸಿದರಲ್ಲ, ಅದು ಇಲ್ಲಿ ಕಣ್ಣಿಗೆ ರಾಚುತ್ತೆ. ಒಂದೇ ಗಿಡದ ತೊಗಟೆ ಒಬ್ಬನಿಗೆ, ಕಡ್ಡಿ ಇನ್ನೊಬ್ಬನಿಗೆ. ನಿನ್ನ ಕೈಯಲ್ಲಿ ಇದು ಏನು ಮಾಡುತ್ತೆ ಮಾರಾಯ ಅಂತ ಕೇಳಲು ಇಬ್ಬರೂ ಕೂರುವ ಒಂದು ಜಗಲಿ ಇರಲಿಲ್ಲ. ಪಂಡಿತ ಎದ್ದು ಹೋದದ್ದಕ್ಕಿಂತ ದೊಡ್ಡ ನಷ್ಟ ಇದು.

ಹಳ್ಳಿ ಮೇಷ್ಟ್ರುಗಳು ರಾಯ್ ಪುಸ್ತಕ ಸಿಕ್ಕಿದರೆ ಓದಿ. ಸಿಗದಿದ್ದರೆ ತಂಗಡಿ ಸಿಗುತ್ತೆ, ಬಯಲಲ್ಲಿ ಹಳದಿ ಹೂ ಬಿಟ್ಟು ನಿಂತಿರುತ್ತೆ. ತೊಗಟೆ ನೆನೆಸಿ, ಆ ನೀರಿಗೆ ತುಕ್ಕು ಹಿಡಿದ ಒಂದು ಮೊಳೆ ಹಾಕಿ ಬಿಡಿ. ನೀರು ಕಪ್ಪಾಗುತ್ತೆ. ಯಾಕೆ ಅಂತ ಹುಡುಗರನ್ನೇ ಕೇಳಿ.